ಊರಿನ ವೇದಿಕೆ ಊರಿನ ಜೊತೆ ಮಾತಾಡಲಿ

ದಾವಣಗೆರೆಯ ವಿದ್ಯಾನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಹೋದ ತಿಂಗಳು ಅಲ್ಲಿನ ಸಭಾಂಗಣವೊಂದರಲ್ಲಿ ಟೆಡ್ ಮಾದರಿಯ, ಅಂದರೆ ಒಬ್ಬೊಬ್ಬರಾಗಿ ಬಂದು ಸ್ವಲ್ಪ ಹೊತ್ತು ಮಾತಾಡುವ, ಅದನ್ನು ವಿಡಿಯೊ ಮಾಡಿ ಇಂಟರ್ನೆಟ್‌ಗೆ ಹಾಕುವ ಭಾಷಣ ಕಾರ್ಯಕ್ರಮ ನಡೆಯಿತಂತೆ. ವೈದ್ಯರು, ಚಿತ್ರ ಕಲಾವಿದರು, ಸ್ಟಾರ್ಟಪ್ ಕಟ್ಟಿದ ಹುಡುಗ, ಸಿರಿಧಾನ್ಯ ಬೆಳೆಯುವ ರೈತ ಮಹಿಳೆ, ಹೀಗೆ ಊರಿನ ಸುತ್ತಮುತ್ತಲಿನವರೇ ಮಾತಾಡಿದವರು. ಅವರ ಪತ್ರದ ಮುಖ್ಯ ಭಾಗ ಇದು:

“ಕಾರ್ಯಕ್ರಮ ಚೆನ್ನಾಗಿತ್ತು ಸರ್. ಆದರೆ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಿದರು. ಆ ರೈತ ಮಹಿಳೆ ಕೂಡ ಯಾರೋ ಬರೆದುಕೊಟ್ಟ ಇಂಗ್ಲಿಷನ್ನು ತಡವರಿಸುತ್ತಾ ಓದಿದರು. ಬೀಜ ಹೇಗೆ ಉಳಿಸಿಕೊಂಡಿರಿ ಎಂದು ಕೇಳಲು ನಾನು ಎದ್ದೆ. ಪ್ರಶ್ನೆಗೆ ಅವಕಾಶ ಇಲ್ಲ, ರೆಕಾರ್ಡಿಂಗ್ ನಡೀತಿದೆ ಎಂದು ಕೂರಿಸಿದರು. ನಿನಗೆ ಎಲ್ಲದರಲ್ಲೂ ತಪ್ಪು ಹುಡುಕುವ ಚಟ ಅಂತಾರೆ ಗೆಳೆಯರು. ಮುಂದಿನ ವರ್ಷ ತಂಡಕ್ಕೆ ಸೇರಿಕೋ ಎಂದೂ ಕರೆದಿದ್ದಾರೆ. ಸೇರಲೇ?”

ಚಟ ಅಲ್ಲ ಮಾರಾಯರೇ, ನಿಮಗೆ ಕಿವಿ ಇದೆ. ಆದರೆ ಕೂರಿಸಿದ ತಕ್ಷಣ ಕೂತುಬಿಟ್ಟಿರಲ್ಲ, ಅದು ನನಗೆ ಬೇಸರ. ಕಾರ್ಯಕ್ರಮ ಮುಗಿದ ಮೇಲಾದರೂ ಆಕೆಯ ಹತ್ತಿರ ಹೋಗಿ ಕೇಳಬಹುದಿತ್ತು. ಪತ್ರದಲ್ಲಿ ಆ ಬಗ್ಗೆ ಒಂದು ಸಾಲೂ ಇಲ್ಲ.

ಮೊದಲು ಆ ಹುಡುಗರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಸಭಾಂಗಣ ಹಿಡಿದು, ಪ್ರಾಯೋಜಕರ ಬಾಗಿಲು ತಟ್ಟಿ, ಧ್ವನಿ ಬೆಳಕು ಎಲ್ಲ ಹೊಂದಿಸುವುದು ಸುಲಭದ ಕೆಲಸ ಅಲ್ಲ. ಹಾರ ಶಾಲಿನಲ್ಲೇ ಅರ್ಧ ಹೊತ್ತು ಹೋಗುವ ನಮ್ಮ ಸಮಾರಂಭಗಳಿಗೆ ಹೋಲಿಸಿದರೆ ಗಡಿಯಾರ ನೋಡಿ ಮಾತು ಮುಗಿಸುವ ಶಿಸ್ತು ಒಳ್ಳೆಯದೇ. ಅಷ್ಟು ಒಪ್ಪಿದೆ.

ಇನ್ನು ಇಂಗ್ಲಿಷಿನ ವಿಷಯ. ಟೆಡ್ ಶುರುವಾಗಿದ್ದು 1984ರಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ. ಭಾಷಣಗಳನ್ನು ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಬಿಟ್ಟಿದ್ದು 2006ರಲ್ಲಿ. ಬೇರೆ ಬೇರೆ ಊರಿನವರು ತಾವೇ ನಡೆಸಿಕೊಳ್ಳಲಿ ಎಂದು ಟೆಡ್‌ಎಕ್ಸ್ ಬಂದಿದ್ದು 2009ರಲ್ಲಿ. 18 ನಿಮಿಷದ ಮಿತಿ ಅವರದೇ. ಆದರೆ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಅವರು ಹೇಳಿಲ್ಲ. ಜಗತ್ತಿನ ಎಷ್ಟೋ ಊರುಗಳಲ್ಲಿ ಇಂಥ ವೇದಿಕೆಗಳ ಮೇಲೆ ಜನ ಅವರವರ ಭಾಷೆಯಲ್ಲೇ ಮಾತಾಡುತ್ತಾರೆ. ಹಾಗಾದರೆ ದಾವಣಗೆರೆಯ ಸಭಾಂಗಣಕ್ಕೆ ಇಂಗ್ಲಿಷ್ ತಂದವರು ಯಾರು? ನಾವೇ ಅಲ್ವಾ? ಯಾರೂ ಕೇಳದಿದ್ದರೂ ನಾವೇ ಬಗ್ಗಿದ್ದೇವೆ.

ಅದೂ ಯಾವ ಜಿಲ್ಲೆಯಲ್ಲಿ? ಜೆ.ಎಚ್. ಪಟೇಲರ ಊರು ಕಾರಿಗನೂರು ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ, ಅಂದರೆ ಇವತ್ತಿನ ದಾವಣಗೆರೆ ಜಿಲ್ಲೆಯಲ್ಲೇ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಆ ಮನುಷ್ಯ ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಆ ಸದನದಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು. ಪಟೇಲರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಆದರೂ ಕನ್ನಡ ಆರಿಸಿಕೊಂಡರು. ಕನ್ನಡ ತಿಳಿಯದ ನೂರಾರು ಸಂಸದರ ಮುಂದೆ ಅವರಿಗಿದ್ದ ಧೈರ್ಯ, ಕನ್ನಡ ತಿಳಿದವರೇ ತುಂಬಿದ್ದ ನಿಮ್ಮ ಸಭಾಂಗಣದಲ್ಲಿ ಯಾಕೆ ಇರಲಿಲ್ಲ? ನನಗೆ ಇದು ನಿಜವಾಗಿ ನೋವಿನ ಪ್ರಶ್ನೆ.

ವಿಡಿಯೊ ಹೊರಗಿನವರಿಗೂ ತಲುಪಬೇಕು ಎಂಬ ಉತ್ತರ ಬರುತ್ತದೆ, ಗೊತ್ತು. ತಲುಪಲಿ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಎದುರಿಗೆ ಕೂತಿರುವವರನ್ನು ಬಿಟ್ಟು ಕ್ಯಾಮೆರಾ ಆಚೆ ಎಲ್ಲೋ ಇರುವ, ಇರಬಹುದಾದ, ಯಾರಿಗೋ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಕೂತವರು ಬಸ್ ಹತ್ತಿ ಬಂದಿದ್ದಾರೆ, ಭಾನುವಾರ ಬಿಟ್ಟು ಬಂದಿದ್ದಾರೆ.

ದೊಡ್ಡ ವಿಚಾರ ಕನ್ನಡದಲ್ಲಿ ಹೇಳಲು ಆಗುವುದಿಲ್ಲ, ಜನ ಕೂರುವುದಿಲ್ಲ ಎನ್ನುವವರನ್ನು ತರಳಬಾಳು ಹುಣ್ಣಿಮೆಗೆ ಕರೆದುಕೊಂಡು ಹೋಗಬೇಕು. ಸಿರಿಗೆರೆ ಮಠದವರು ವರ್ಷಕ್ಕೊಂದು ಊರಿನಲ್ಲಿ ಒಂಬತ್ತು ದಿನ ನಡೆಸುವ ಸಭೆ ಅದು. ರೈತರು, ಹೆಂಗಸರು, ಮಕ್ಕಳು ಚಳಿಯಲ್ಲಿ ರಾತ್ರಿವರೆಗೂ ಕೂತು ಕೇಳುತ್ತಾರೆ. ನೀರಾವರಿಯಿಂದ ವಚನದವರೆಗೆ ಎಲ್ಲವೂ ಅಲ್ಲಿ ಕನ್ನಡದಲ್ಲೇ ಬರುತ್ತದೆ. ನಿಮ್ಮ ದಾವಣಗೆರೆ 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ, ಪಕ್ಕದ ಚಿತ್ರದುರ್ಗ 2009ರಲ್ಲಿ ಎಲ್. ಬಸವರಾಜು ಅವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಸಿವೆ. ಭಾಷಣ ಕೇಳುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ನಿಮ್ಮನ್ನು ಕೂರಿಸಿದ ವಿಷಯಕ್ಕೆ ಬರುತ್ತೇನೆ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅಲ್ಲೇ. 2019ರ ಆಗಸ್ಟ್‌ನಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಸ್ವಾಮೀಜಿ ‘ಮತ್ತೆ ಕಲ್ಯಾಣ’ ಎಂಬ ಅಭಿಯಾನ ಹಿಡಿದು ಜಿಲ್ಲೆ ಜಿಲ್ಲೆಗೆ ಹೋದರು. ಅಲ್ಲಿ ಸಂಜೆಯ ಸಭೆ, ನಾಟಕ ಇದ್ದೇ ಇರುತ್ತಿದ್ದವು. ಅದಕ್ಕೂ ಮುಂಚೆ ವಿದ್ಯಾರ್ಥಿಗಳ ಜೊತೆ ಸಂವಾದ. ಮೊದಲು ಮಕ್ಕಳ ಪ್ರಶ್ನೆ, ಆಮೇಲೆ ದೊಡ್ಡವರ ಭಾಷಣ. ಮಠದ ಸ್ವಾಮಿಯೊಬ್ಬರು ಕಾಲೇಜು ಹುಡುಗರ ಪ್ರಶ್ನೆಗೆ ಕೂತು ಉತ್ತರ ಕೊಡಬಹುದಾದರೆ, ಸ್ಟಾರ್ಟಪ್ ಹುಡುಗನಿಗೆ ಏನು ಕಷ್ಟ? ನೀವು ಕೇಳಬೇಕೆಂದಿದ್ದ ಪ್ರಶ್ನೆ ಎಷ್ಟು ಒಳ್ಳೆಯದು ನೋಡಿ. ಬೀಜ ಹೇಗೆ ಉಳಿಸಿದಿರಿ? ಬೂದಿ ಬೆರೆಸಿದರಾ, ಬೇವಿನ ಸೊಪ್ಪು ಹಾಕಿದರಾ, ಹುಳ ಬಿದ್ದಾಗ ಏನು ಮಾಡಿದರು? ಆಕೆಗೆ ಇದು ಬೆರಳ ತುದಿಯಲ್ಲಿತ್ತು. ಬರೆದುಕೊಟ್ಟ ಇಂಗ್ಲಿಷಿನಲ್ಲಿ ಇದು ಎಲ್ಲಿ ಬಂದೀತು? ಅಲ್ಲಿ ಬರುವುದು ಕನಸು, ಛಲ, ಸೋಲಬೇಡಿ ಎಂಬ ಮಾತು. ಅದನ್ನು ಯಾರು ಬೇಕಾದರೂ ಹೇಳಬಹುದು.

ಕೆಲವು ವರ್ಷದ ಹಿಂದೆ ಹಿರಿಯೂರು ಕಡೆಯ ರೈತರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಿತಲ್ಲ, ಅದರ ನಂತರ. 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಆ ಅಣೆಕಟ್ಟು ಅದಕ್ಕೆ ಮೊದಲು ಕೋಡಿ ಹರಿದಿದ್ದು 1933ರಲ್ಲಿ. 89 ವರ್ಷ! ಈ ರೈತರು ಬರಗಾಲದಲ್ಲಿ ತೋಟದ ತೆಂಗಿನ ಮರಗಳ ಸುಳಿ ಒಣಗಿ ಬೀಳುವುದನ್ನೂ ನೋಡಿದ್ದರು, ಅದೇ ತೋಟದ ಹತ್ತಿರ ನೀರು ನುಗ್ಗುವುದನ್ನೂ ನೋಡಿದ್ದರು. ಯಾವ ಮರ ಬಿಡಬೇಕು, ಯಾವುದಕ್ಕೆ ಟ್ಯಾಂಕರ್ ನೀರು ಹಾಕಬೇಕು ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದನ್ನು ಹೇಳಿದರು. ನಾವು ಮಧ್ಯೆ ಮಧ್ಯೆ ಕೇಳುತ್ತಾ ಹೋದೆವು, ಅವರು ಬಿಡಿಸುತ್ತಾ ಹೋದರು. ಕೇಳದಿದ್ದರೆ ಅರ್ಧವೂ ಹೊರಗೆ ಬರುತ್ತಿರಲಿಲ್ಲ. ಅವರನ್ನು ಯಾವ ವೇದಿಕೆಯೂ ಕರೆದಿಲ್ಲ. ‘ಸಾಧನೆ ಏನು?’ ಎಂದು ಕೇಳುತ್ತಾರಂತೆ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಗೊತ್ತಿರಲಿಲ್ಲ. ಸಾವಿರಾರು ಹಾಡು ನೆನಪಿನಲ್ಲಿದ್ದವು. ವಿದ್ವಾಂಸರು ಹಟ್ಟಿಗೇ ಹೋಗಿ, ಅಜ್ಜಿಯ ಮುಂದೆ ಕೂತು ಕೇಳಿ ಬರೆದುಕೊಂಡರು. ಕೇಳುವವರು ಹಾಗೆ ಕೂರಬೇಕು.

ನಮ್ಮ ಜಿಲ್ಲೆಗಳ ಕಷ್ಟ ಬರೀ ಈ ಒಂದು ಕಾರ್ಯಕ್ರಮದ್ದಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ಹೋಗಿ ನೋಡಿ, ಬಾಯಿಪಾಠ ಮಾಡಿದ ಇಂಗ್ಲಿಷ್ ಭಾಷಣಕ್ಕೆ ಅಪ್ಪ ಅಮ್ಮಂದಿರ ಚಪ್ಪಾಳೆ. ಊರು ಬಿಟ್ಟು ಬೆಂಗಳೂರಿಗೆ ಹೋದವನೇ ಗೆದ್ದವನು, ಇಲ್ಲೇ ಉಳಿದು ಮಂಡಕ್ಕಿ ಭಟ್ಟಿಯ ಕಾವಿನಲ್ಲಿ ಬೇಯುವವನ, ಮೊಳಕಾಲ್ಮೂರಿನ ಮಗ್ಗದ ಗುಂಡಿಯಲ್ಲಿ ಕೂತು ಸೀರೆ ನೇಯುವವನ, ಭದ್ರಾ ನಾಲೆಯ ಕೊನೆಯಲ್ಲಿ ನೀರು ಕಾಯುವವನ ಬುದ್ಧಿಗೆ ಬೆಲೆ ಇಲ್ಲ. ಪತ್ರಿಕೆಗಳಲ್ಲೂ ವೇದಿಕೆ ಮೇಲೆ ಸಾಲಾಗಿ ನಿಂತವರ ಫೋಟೊ ಬರುತ್ತದೆ, ಅವರು ಹೇಳಿದ್ದೇನು ಎಂಬುದು ಬರುವುದಿಲ್ಲ. ಈಗ ಅದರ ಮೇಲೆ ವ್ಯೂಸ್ ಲೆಕ್ಕ ಬೇರೆ. ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಕೇರಿ ಕೇರಿಗೆ ಹೋಗಿ ಜನರ ಜೊತೆ ಮಾತಾಡಿ. ಅವರ ಮಾತು ನಾಡನ್ನೇ ಅಲುಗಾಡಿಸಿತು.

ಸೇರಲೇ ಎಂದಿರಲ್ಲ. ಖಂಡಿತ ಸೇರಿ. ಹೊರಗೆ ನಿಂತು ಪತ್ರ ಬರೆದರೆ ಸುಮ್ನೆ ನನಗೆ ಮಾತ್ರ ಖುಷಿ. ಮೊದಲ ಮೀಟಿಂಗ್‌ನಲ್ಲೇ ಹೇಳಿ: ಮಾತು ಕನ್ನಡದಲ್ಲಿ, ಇಂಗ್ಲಿಷೇ ಸಲೀಸು ಎನ್ನುವವರಿಗೆ ಮಾತ್ರ ಇಂಗ್ಲಿಷ್. ಭಾಷಣಕಾರರ ಸಂಖ್ಯೆ ಅರ್ಧ ಮಾಡಿ, ಉಳಿದ ಹೊತ್ತು ಪ್ರಶ್ನೆಗೆ ಬಿಡಿ. ಕ್ಯಾಮೆರಾ ಬೇಕಾದರೆ ಪ್ರಶ್ನೆಯ ಹೊತ್ತಿನಲ್ಲಿ ಆಫ್ ಆಗಲಿ. ಒಪ್ಪದಿದ್ದರೆ ಮತ್ತೆ ಹೇಳಿ, ಎದ್ದು ಬರಬೇಡಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿಕೊಡಿ. ಆ ರೈತ ಮಹಿಳೆಯ ಮನೆಗೆ ಹೋಗಿ, ನಿಮ್ಮ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಎಷ್ಟು ಉದ್ದವಾದರೂ ಸರಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಅವರಿಗೆಂದೇ ಇಟ್ಟಿರುತ್ತೇನೆ. 20ನೇ ತಾರೀಖಿನೊಳಗೆ ತಲುಪಿಸಿ.

— ಸಂಪಾದಕ