ತಮ್ಮನ ಟೆಸ್ಟ್ ಅಂಕ ನೋಡಿ ಹೆದರಬೇಕಾ?

ನಿಮ್ಮ ತಮ್ಮ ವ್ಯಕ್ತಿತ್ವದ ಟೆಸ್ಟ್ ಒಂದನ್ನು ಮಾಡಿದ್ದಾನೆ, ‘ನಾನು ಎಲ್ಲರಿಗೂ ಭಾರ’ ಅಂತಲೂ ಹೇಳಿದ್ದಾನೆ, ಹೆದರಬೇಕಾ ಅಂತ ಕೇಳಿದ್ದೀರಿ. ನಿಮ್ಮನ್ನು ಹೆದರಿಸಿರುವುದು ಅವನ ‘ನ್ಯೂರಾಟಿಸಿಸಂ’ ಅಂಕ, ಅಂದರೆ ಬೇಗ ನೊಂದುಕೊಳ್ಳುವ, ಚಿಂತೆ ಜಾಸ್ತಿ ಮಾಡುವ ಸ್ವಭಾವದ ಅಳತೆ. ಈ ಸ್ವಭಾವಕ್ಕೂ ಆತ್ಮಹತ್ಯೆಯ ಯೋಚನೆಗೂ ನಂಟಿದೆ, ನಿಜ. ಆದರೆ ಅಂಥ ಸ್ವಭಾವದ ಬಹುತೇಕರು ಆ ದಾರಿ ಹಿಡಿಯುವುದಿಲ್ಲ. ಯಾರು ಏನು ಮಾಡಿಕೊಳ್ಳುತ್ತಾರೆ ಅಂತ ಯಾವ ಟೆಸ್ಟೂ ಖಚಿತವಾಗಿ ಹೇಳಲಾರದು. ನನಗೆ ಅಂಕಕ್ಕಿಂತ ಗಂಭೀರ ಅನಿಸಿದ್ದು ಅವನು ಹೇಳಿದ ಆ ‘ಭಾರ’ದ ಮಾತು.

ಮೊದಲು, ಇವತ್ತೇ ಅವನ ಜೊತೆ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅನಿಸ್ತಿದೆಯಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬುದ್ಧಿ ಹೇಳಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಹೌದು ಅಂದರೆ, ಏನಾದರೂ ಯೋಜನೆ ಮಾಡಿದ್ದಾನಾ ಅಂತ ಕೇಳಿ. ಮಾಡಿದ್ದರೆ ಒಬ್ಬನನ್ನೇ ಬಿಡಬೇಡಿ, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ, ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಈ ವಾರವೇ ಮನೋವೈದ್ಯರಿಗೆ ತೋರಿಸಿ.