ಫಲಿತಾಂಶದ ಪಟ್ಟಿ ನೋಡಿ ಹೈಸ್ಕೂಲು ಆರಿಸಬಹುದಾ?

(ಪಾವಗಡ ತಾಲ್ಲೂಕಿನ ತಾಯಿಯೊಬ್ಬರ ಪತ್ರದ ಸಾರ: ಮಗಳು ಏಳನೇ ತರಗತಿ ಮುಗಿಸಿದ್ದಾಳೆ. ಊರಲ್ಲೇ ಒಂದು ಚಿಕ್ಕ ಸರ್ಕಾರಿ ಹೈಸ್ಕೂಲು ಇದೆ. ಹೋಬಳಿ ಊರಲ್ಲಿ ದೊಡ್ಡದೊಂದಿದೆ, ಬಸ್ಸಿನಲ್ಲಿ ಹೋಗಬೇಕು. ಪೇಟೆಯಲ್ಲಿ ಆದರ್ಶ ವಿದ್ಯಾಲಯ. ವಾಟ್ಸಾಪಿನಲ್ಲಿ ಬಂದ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಆದರ್ಶ ಮೇಲಿದೆ, ನಮ್ಮೂರ ಶಾಲೆ ತೀರಾ ಕೆಳಗಿದೆ. ಎಲ್ಲಿಗೆ ಸೇರಿಸಲಿ?)

ನಮಸ್ಕಾರ ತಾಯಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 'ಮನೆಯಲ್ಲಿ ನಾವು ತೆಲುಗು ಮಾತಾಡೋದು, ಆದರೂ ಇವಳಿಗೆ ಕನ್ನಡ ಅಂದ್ರೆ ಪ್ರಾಣ' ಅಂತ ಕೊನೆಯಲ್ಲಿ ಬರೆದಿದ್ದೀರಿ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಪಟ್ಟಿ ನೋಡೋಣ.

ಚಿಕ್ಕ ಶಾಲೆಯಲ್ಲಿ 20 ಮಕ್ಕಳು ಪರೀಕ್ಷೆ ಬರೆದು 4 ಮಕ್ಕಳು ಫೇಲಾದರು ಅಂದುಕೊಳ್ಳಿ. ಫಲಿತಾಂಶ ಶೇ 80. ದೊಡ್ಡ ಶಾಲೆಯಲ್ಲಿ 100 ಮಕ್ಕಳು ಬರೆದು ಅದೇ 4 ಮಕ್ಕಳು ಫೇಲಾದರೆ ಶೇ 96. ನಿಮ್ಮೂರ ಶಾಲೆಯಲ್ಲಿ ಒಂದು ಮಗು ಜ್ವರ ಬಂದು ಗಣಿತ ಸರಿಯಾಗಿ ಬರೆಯದಿದ್ದರೂ ಶಾಲೆ ಪಟ್ಟಿಯಲ್ಲಿ ಸರ್ರನೆ ಕೆಳಗಿಳಿಯುತ್ತದೆ. ಒಂದೇ ವರ್ಷದ ಫಲಿತಾಂಶ ಹಿಡಿದು ಸಣ್ಣ ಶಾಲೆಯನ್ನು ಅಳೆಯೋದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಆದರ್ಶ ವಿದ್ಯಾಲಯದ ಲೆಕ್ಕ ಬೇರೆ. ಅಲ್ಲಿ ಆರನೇ ತರಗತಿಗೇ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುತ್ತಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲೂ ಹಾಗೇ. ನಿಮ್ಮೂರ ಶಾಲೆ ಬಾಗಿಲಿಗೆ ಬಂದ ಮಗುವನ್ನೆಲ್ಲ ಸೇರಿಸಿಕೊಳ್ಳುತ್ತದೆ. ಆರಿಸಿದ ಕಾಳನ್ನೂ ರಾಶಿಯ ಕಾಳನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗಾಯ್ತು, ಅಲ್ವಾ? ಇನ್ನು ಎಂಟನೇ ತರಗತಿಗೆ ಅಲ್ಲಿ ಸೀಟು ಸಿಗೋದು ಖಾಲಿ ಇದ್ದರೆ ಮಾತ್ರ. ಒಮ್ಮೆ ಕೇಳಿ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಹಳೆಯ ವರ್ಷಗಳ ಜೊತೆ ಹೋಲಿಸುವಾಗಲೂ ಜೋಪಾನ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಜಾಸ್ತಿ ಕೊಟ್ಟ ಮೇಲೂ ಫಲಿತಾಂಶ ಶೇ 73.40ಕ್ಕೆ ಬಂತು. ಒಂದೇ ವರ್ಷದಲ್ಲಿ ರಾಜ್ಯದ ಮೇಷ್ಟರೆಲ್ಲ ಪಾಠ ಮರೆತುಬಿಟ್ಟರಾ? ಇಲ್ಲ. ಅಳೆಯುವ ಕೋಲು ಬದಲಾಯಿತು, ಅಷ್ಟೇ. ಇನ್ನೊಂದು ವಿಷಯ. ಒಟ್ಟು 625 ಅಂಕಗಳಲ್ಲಿ 125 ಅಂಕ ಆಂತರಿಕ ಮೌಲ್ಯಮಾಪನದ್ದು. ಅದನ್ನು ಕೊಡುವುದು ಶಾಲೆಯೇ. ಹಾಗಾಗಿ ಶಾಲೆಯಲ್ಲಿ ಕೇಳುವಾಗ 'ಎಷ್ಟು ಜನ ಪಾಸು' ಅಂತ ಕೇಳಿ ಬಿಡಬೇಡಿ. ಗಣಿತ, ವಿಜ್ಞಾನದ 80 ಅಂಕದ ಲಿಖಿತ ಪರೀಕ್ಷೆಯಲ್ಲಿ ಮಕ್ಕಳಿಗೆ ಎಷ್ಟೆಷ್ಟು ಬಂದಿದೆ ಅಂತಲೂ ಕೇಳಿ.

ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಎಂಟಕ್ಕೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಹತ್ತರ ಪರೀಕ್ಷೆಗೆ ಕೂತರು? 40 ಮಕ್ಕಳು ಸೇರಿ, 28 ಮಕ್ಕಳು ಉಳಿದು, ಅಷ್ಟೂ ಪಾಸಾದರೆ ಬೋರ್ಡಿನ ಮೇಲೆ 'ನೂರಕ್ಕೆ ನೂರು' ಅಂತ ಬರೆಯುತ್ತಾರೆ. ಉಳಿದ 12 ಮಕ್ಕಳು ಎಲ್ಲಿ ಹೋದರು? ಕೆಲವರು ಬೇರೆ ಶಾಲೆಗೆ ಹೋಗಿರಬಹುದು. ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರಿದ್ದರೆ, ಮದುವೆಯಾಗಿ ಹೋದ ಹುಡುಗಿಯರಿದ್ದರೆ, ಅವರು ಯಾವ ಪಟ್ಟಿಗೂ ಬರುವುದಿಲ್ಲ. ತರಗತಿವಾರು ದಾಖಲಾತಿ ಪ್ರತಿ ಶಾಲೆಯ ಯು-ಡೈಸ್ (ಶಾಲೆಗಳಿಂದ ಸರ್ಕಾರ ಸಂಗ್ರಹಿಸುವ ಅಂಕಿಅಂಶ) ಮಾಹಿತಿಯಲ್ಲಿ ಇರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಹತ್ತಿರ ಕೇಳಿದರೂ ಹೇಳುತ್ತಾರೆ.

ಆಮೇಲೆ ಮೇಷ್ಟರು. ಹೈಸ್ಕೂಲಿನಲ್ಲಿ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಮತ್ತು ಸಿಬಿಜೆಡ್ (ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಶಿಕ್ಷಕರ ಹುದ್ದೆ ಭರ್ತಿಯಾಗಿದೆಯಾ, ಇಲ್ಲಾ ಅತಿಥಿ ಶಿಕ್ಷಕರಿದ್ದಾರಾ, ಅವರು ಜೂನ್‌ನಲ್ಲೇ ಬಂದರಾ ಅಂತ ತಿಳಿದುಕೊಳ್ಳಿ. ನಾನು ಒಮ್ಮೆ ಎರಡು ಹೈಸ್ಕೂಲುಗಳಿಗೆ ಬೆನ್ನುಬೆನ್ನಿಗೆ ಹೋಗಿದ್ದೆ. ಒಂದರಲ್ಲಿ ಒಳ್ಳೆಯ ಕಟ್ಟಡ, ಲ್ಯಾಬಿನ ಬೀರುವಿಗೆ ಬೀಗ. ಗಾಜಿನ ಆಚೆ ಪ್ರನಾಳಗಳು ಹಳೆಯ ಪೇಪರಿನಲ್ಲಿ ಸುತ್ತಿಟ್ಟಂತೆಯೇ ಇದ್ದವು. ಒಬ್ಬ ಹುಡುಗಿ ಪ್ರಯೋಗದ ಚಿತ್ರವನ್ನು ಗೈಡ್ ನೋಡಿಕೊಂಡು ನೀಟಾಗಿ ಬರೆಯುತ್ತಿದ್ದಳು. ಇನ್ನೊಂದರಲ್ಲಿ ಹೆಂಚಿನ ಕೋಣೆ, ಒಂದೇ ಮೈಕ್ರೋಸ್ಕೋಪು. ಮೇಡಂ ಮನೆಯಿಂದ ಈರುಳ್ಳಿ ತಂದು, ಸಿಪ್ಪೆಯ ತೆಳು ಪೊರೆ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಹರಡಿ ಕೊಟ್ಟರು. ಮಕ್ಕಳು ಸಾಲು ನಿಂತರು. ನೋಡಿದವರು ಮತ್ತೆ ಸಾಲಿನ ಕೊನೆಗೆ ಓಡುತ್ತಿದ್ದರು. ಆ ವರ್ಷದ ಪಟ್ಟಿಯಲ್ಲಿ ಮೇಲಿದ್ದದ್ದು ಮೊದಲನೇ ಶಾಲೆ.

ಈಗ ನಿಮ್ಮ ಮಗಳ ವಿಷಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಬಸ್ಸು ಇರಬೇಕಲ್ಲ. ಹತ್ತನೇ ತರಗತಿಯಲ್ಲಿ ಸಂಜೆ ವಿಶೇಷ ತರಗತಿ ಇಡುತ್ತಾರೆ. ಅದು ಮುಗಿಯುವ ಮೊದಲೇ ಕೊನೇ ಬಸ್ಸು ಹೊರಟುಬಿಟ್ಟರೆ ಅವಳು ಪಾಠವನ್ನಾದರೂ ಬಿಡಬೇಕು, ಕತ್ತಲಲ್ಲಿ ನಿಲ್ಲಲಾದರೂ ಬೇಕು. ಊರ ಶಾಲೆಯಾದರೆ ಆ ಚಿಂತೆ ಇಲ್ಲ. ಕನ್ನಡದ ಮಾತು ಹೇಳಿದಿರಲ್ಲ, ಕನ್ನಡವನ್ನು ಮೊದಲ ಭಾಷೆಯಾಗಿ ತೆಗೆದುಕೊಂಡರೆ ಅದೊಂದಕ್ಕೇ 125 ಅಂಕ. ಮನೆಮಾತು ತೆಲುಗಾದ ಮಗುವಿಗೆ ದಿನಾ ಓದಿಸಿ, ಬರೆಸಿ, ತಿದ್ದುವ ಮೇಷ್ಟರು ಸಿಕ್ಕಿಬಿಟ್ಟರೆ ಅವಳ ಆಸೆ ಇನ್ನೂ ಬೆಳೆಯುತ್ತದೆ. ಅಂಥವರು ಎಲ್ಲಿದ್ದಾರೆ ಅನ್ನೋದು ಫಲಿತಾಂಶದ ಪಟ್ಟಿಯಲ್ಲಿ ಕಾಣುವುದಿಲ್ಲ. ಹತ್ತನೇ ತರಗತಿ ಮಕ್ಕಳ ಕನ್ನಡ ನೋಟ್‌ಬುಕ್ ತೆರೆದು ನೋಡಿ, ಕೆಂಪು ಪೆನ್ನಿನ ಗುರುತು ಹೇಳುತ್ತದೆ.

ನನ್ನನ್ನೇ ಕೇಳಿದರೆ, ನಿಮ್ಮೂರ ಶಾಲೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಕಾಯಂ ಶಿಕ್ಷಕರಿದ್ದು, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತಿದ್ದರೆ ಅಲ್ಲೇ ಸೇರಿಸಿ ಅನ್ನುತ್ತೇನೆ. ಗಣಿತದ ಹುದ್ದೆ ವರ್ಷಗಟ್ಟಲೆ ಖಾಲಿ ಇದ್ದರೆ ಮಾತ್ರ ಹೋಬಳಿ ಶಾಲೆಗೆ ಕಳಿಸಿ. ಶಾಲೆ ನಡೆಯುತ್ತಿರುವ ಒಂದು ದಿನ ಬೆಳಿಗ್ಗೆ ಮಗಳನ್ನೂ ಕರೆದುಕೊಂಡು ಎರಡೂ ಕಡೆ ಹೋಗಿ ಬನ್ನಿ. ಹೋಬಳಿಯಿಂದ ವಾಪಸ್ ಬರುವಾಗ ಮಾತ್ರ ಮಧ್ಯಾಹ್ನದ ಬಸ್ಸು ಹತ್ತಬೇಡಿ. ಸಂಜೆಯ ಕೊನೇ ಬಸ್ಸಿಗೆ ಕಾದು, ಅದರಲ್ಲೇ ಬನ್ನಿ.