ನಲವತ್ತೊಂದರ ವಯಸ್ಸಿನಲ್ಲಿ 24.07 ಸೆಕೆಂಡು

"ಕಳೆದ ಸಂಚಿಕೆಯಲ್ಲಿ, 41ರಲ್ಲಿ ಒಲಿಂಪಿಕ್ಸ್ ಬೆಳ್ಳಿ ಗೆದ್ದ ಅಮೆರಿಕದ ಈಜುಗಾರ್ತಿ ಡಾರಾ ಟೊರೆಸ್ ಬಗ್ಗೆ ಓದಿದೆ. ನನಗೀಗ 29. ಪಿಯುಸಿಗೆ ಬರುವವರೆಗೆ ಜಿಲ್ಲಾ ಮಟ್ಟದಲ್ಲಿ ಈಜುತ್ತಿದ್ದೆ, ಆಮೇಲೆ ಬಿಟ್ಟೆ. ಮತ್ತೆ ಶುರು ಮಾಡುತ್ತೇನೆಂದರೆ ಮನೆಯಲ್ಲಿ ನಗುತ್ತಾರೆ. ಈಜು ಮಕ್ಕಳ ಆಟವಲ್ಲವೇ? ಆಕೆ ಏನಾದರೂ ಉದ್ದೀಪನ ಮದ್ದು ತೆಗೆದುಕೊಂಡಿರಬಹುದೇ?"
– ಓದುಗರೊಬ್ಬರು, ದಾವಣಗೆರೆ

ಮದ್ದಿನ ಮಾತನ್ನು ಮೊದಲು ಮುಗಿಸೋಣ. ಇದೇ ಅನುಮಾನ 2008ರಲ್ಲಿ ಅಮೆರಿಕದವರಿಗೂ ಬಂದಿತ್ತು. ಟೊರೆಸ್ ಮುನಿಸಿಕೊಂಡು ಕೂರಲಿಲ್ಲ. ಅಲ್ಲಿನ ಉದ್ದೀಪನ ಮದ್ದು ತಡೆ ಸಂಸ್ಥೆಯ ವಿಶೇಷ ಯೋಜನೆಗೆ ತಾವಾಗಿಯೇ ಸೇರಿ, ಹೆಚ್ಚುವರಿ ಪರೀಕ್ಷೆಗೆ ರಕ್ತ, ಮೂತ್ರ ಕೊಟ್ಟರು. ವಯಸ್ಸನ್ನೇ ಸಾಕ್ಷಿ ಮಾಡಿಕೊಂಡು ಒಬ್ಬರ ಹೆಸರಿಗೆ ಮಸಿ ಬಳಿಯುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಮಕ್ಕಳ ಆಟದ ಮಾತು. 1972ರಲ್ಲಿ ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜ್ ಒಂದೇ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದು, 22ಕ್ಕೇ ನಿವೃತ್ತರಾದರು. ಅವರ ಮೈ ಸೋತಿರಲಿಲ್ಲ. ಆಟದಿಂದ ದುಡ್ಡು ಪಡೆದವರಿಗೆ ಆಗ ಒಲಿಂಪಿಕ್ಸ್ ಬಾಗಿಲು ಮುಚ್ಚಿರುತ್ತಿತ್ತು. ಕಾಲೇಜು ಮುಗಿದರೆ ಹೊಟ್ಟೆಪಾಡು ನೋಡಿಕೊಳ್ಳಲೇಬೇಕು. ಹಾಗೆ ಇಪ್ಪತ್ತರ ಆಸುಪಾಸಿನವರೇ ಕಣ್ಣಿಗೆ ಬಿದ್ದು ಬಿದ್ದು, ಈಜಿನ ಆಯಸ್ಸೇ ಅಷ್ಟು ಎಂದು ಜನ ನಂಬಿದರು.

ಆದರೆ ವಯಸ್ಸು ಲೆಕ್ಕಕ್ಕೇ ಇಲ್ಲವೆಂದು ನಾನು ಹೇಳಲಾರೆ. ಅದೇ ಸ್ಪಿಟ್ಜ್ 41ರ ವಯಸ್ಸಿನಲ್ಲಿ, ಬಾರ್ಸಿಲೋನಾ ಒಲಿಂಪಿಕ್ಸ್‌ಗೆಂದು ಮರಳಿ ನೀರಿಗಿಳಿದರು. 100 ಮೀಟರ್ ಬಟರ್‌ಫ್ಲೈನಲ್ಲಿ ಆಯ್ಕೆ ಸ್ಪರ್ಧೆಗೆ ಬೇಕಾದ ಸಮಯವನ್ನೂ ಮುಟ್ಟಲಾಗಲಿಲ್ಲ. ಅದೇ 41ರಲ್ಲಿ ಟೊರೆಸ್ ಬೀಜಿಂಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 24.07 ಸೆಕೆಂಡಿನಲ್ಲಿ ಮುಗಿಸಿದರು. ಚಿನ್ನ ಗೆದ್ದ ಬ್ರಿಟಾ ಸ್ಟೆಫೆನ್ ಅವರದು 24.06. ಆ ಒಂದು ನೂರನೇ ಭಾಗದ ಬಗ್ಗೆ ನನಗೆ ಇಂದಿಗೂ ಸಂಕಟವಿದೆ.

ಇಬ್ಬರ ನಡುವಿನ ವ್ಯತ್ಯಾಸದಲ್ಲಿ ದೂರದ ಪಾತ್ರ ದೊಡ್ಡದು. 50 ಮೀಟರ್ ಒಲಿಂಪಿಕ್ಸ್‌ಗೆ ಬಂದದ್ದೇ 1988ರಲ್ಲಿ. ಅಷ್ಟು ಚಿಕ್ಕ ಸ್ಪರ್ಧೆಯಲ್ಲಿ ದಮ್ಮಿಗಿಂತ ತೋಳು-ತೊಡೆಗಳ ಕಸುವು, ಜಿಗಿತ, ನೀರನ್ನು ಸೀಳುವ ಕೌಶಲ ಮುಖ್ಯ. ವಯಸ್ಸಾದಂತೆ ದಮ್ಮು ಇಳಿಯುತ್ತದೆ, ಕೌಶಲ ಉಳಿಯುತ್ತದೆ, ಕಸುವನ್ನು ವ್ಯಾಯಾಮದಿಂದ ಬಹಳ ಮಟ್ಟಿಗೆ ಕಾಪಾಡಿಕೊಳ್ಳಬಹುದು. ಅಮೆರಿಕದ ಆಂಥನಿ ಎರ್ವಿನ್ 19ರಲ್ಲಿ ಗೆದ್ದ ಒಲಿಂಪಿಕ್ಸ್‌ನ 50 ಮೀಟರ್ ಚಿನ್ನವನ್ನು 35ರಲ್ಲಿ, ರಿಯೋದಲ್ಲಿ ಮತ್ತೆ ಗೆದ್ದರು. ಬ್ರೆಜಿಲ್‌ನ ನಿಕೊಲಸ್ ಸ್ಯಾಂಟೋಸ್ 2022ರಲ್ಲಿ ಕಿರುಕೊಳದ (25 ಮೀಟರ್ ಉದ್ದದ ಕೊಳದ) ವಿಶ್ವ ಚಾಂಪಿಯನ್ ಆದಾಗ ಅವರಿಗೆ 42. ಅದೂ 50 ಮೀಟರೇ, ಬಟರ್‌ಫ್ಲೈ.

ಟೊರೆಸ್ ಆಗ ನೀರಿಗಿಳಿಯುತ್ತಿದ್ದದ್ದು ವಾರಕ್ಕೆ ಐದೇ ಸಲ, ಹಿಂದಿನ ಅರ್ಧದಷ್ಟು. ಉಳಿದ ಸಮಯ ಕಸುವಿಗೆ, ಮೈ ಸಡಿಲಿಸುವುದಕ್ಕೆ, ವಿಶ್ರಾಂತಿಗೆ. ಇದನ್ನೂ ಹೇಳಲೇಬೇಕು: ಕೋಚ್‌ಗಳು, ಮಾಲೀಸಿನವರು, ಎಳೆಯ ಮಗಳನ್ನು ನೋಡಿಕೊಳ್ಳುವ ದಾದಿ ಎಲ್ಲ ಸೇರಿ ವರ್ಷಕ್ಕೆ ಸುಮಾರು ಒಂದು ಲಕ್ಷ ಡಾಲರ್ ಖರ್ಚಾಗುತ್ತಿತ್ತು. ಎಳೆಯ ಮಗುವಿನ ತಾಯಿಯ ಛಲವೆಂದಷ್ಟೇ ಬರೆದು ಈ ಲೆಕ್ಕವನ್ನು ಬಿಟ್ಟರೆ, ಅಂಥ ಅನುಕೂಲವಿಲ್ಲದ ತಾಯಂದಿರಿಗೆ ಅನ್ಯಾಯ ಮಾಡಿದಂತೆ. ಕಳೆದ ಸಂಚಿಕೆಯಲ್ಲಿ ನಾವು ಆ ತಪ್ಪು ಮಾಡಿದ್ದೇವೆ.

ನಮ್ಮಲ್ಲಿ ಈಜಿನ ಸಂಭ್ರಮವೆಲ್ಲ ಎಳೆಯರ ಸುತ್ತಲೇ. ಬೆಂಗಳೂರಿನ ಧಿನಿಧಿ ದೇಸಿಂಗು 14ಕ್ಕೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದಾಗ ನಾನೂ ಕುಣಿದಾಡಿದೆ. ಆ ಹುಡುಗಿ 30ರಲ್ಲೂ ಕೊಳದಲ್ಲಿರಲಿ ಎಂಬುದು ನನ್ನ ಆಸೆ.

ನೀವು ಶುರು ಮಾಡಿ. 25 ದಾಟಿದವರಿಗೆ ಮಾಸ್ಟರ್ಸ್ ಸ್ಪರ್ಧೆಗಳಿವೆ, ಐದೈದು ವರ್ಷದ ಗುಂಪುಗಳಲ್ಲಿ. ಮೊದಲ ತಿಂಗಳು ಹಳೆಯ ಸಮಯದ ಬೆನ್ನು ಹತ್ತಬೇಡಿ, ಭುಜ ನೋಯುತ್ತದೆ. 50 ಮೀಟರಿನ ಸಮಯ ಗುರುತು ಮಾಡಿಕೊಂಡ ದಿನ ನಮಗೊಂದು ಪತ್ರ ಹಾಕಿ.

– ಸಂಪಾದಕ